ಪುಟದ ಅಂಚಿನಲ್ಲಿ ನಡೆದ ಜಗಳ

ಜಗತ್ತು ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಬೈಬಲಿನಲ್ಲೇ ಬರೆದಿದೆ ಎಂದು ಇಂಗ್ಲಿಷ್ ಓದುಗರಲ್ಲಿ ಬಹುಮಂದಿ ಬಹುಕಾಲ ನಂಬಿದ್ದರು. ಬೈಬಲಿನ ಯಾವ ವಚನದಲ್ಲೂ ಆ ಇಸವಿ ಇಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 17ನೇ ಶತಮಾನದ ಮಧ್ಯದಲ್ಲಿ ವಂಶಾವಳಿಗಳನ್ನೂ ರಾಜರ ಆಳ್ವಿಕೆಯ ವರ್ಷಗಳನ್ನೂ ಕೂಡಿಸಿ ತೆಗೆದ ಲೆಕ್ಕ ಅದು. 1701ರ ಮುದ್ರಣದಲ್ಲಿ ಅದು ಬೈಬಲಿನ ಪುಟದ ಅಂಚಿಗೆ ಸೇರಿತು. ಅಂಚಿನಲ್ಲಿದ್ದುದನ್ನು ಓದುಗ ಕ್ರಮೇಣ ನಡುವಿನದೆಂದೇ ತಿಳಿದ.

ಬೈಬಲನ್ನು ತಾನೇ ಕುಳಿತು ಅಭ್ಯಾಸ ಮಾಡುವವನಿಗೆ ಇದು ಹಳೆಯ ತೊಡಕು. ಟಿಪ್ಪಣಿ ಇಲ್ಲದಿದ್ದರೆ ಅರ್ಥವಾಗದು. ಇದ್ದರೆ ಮೂಲವೇ ಮರೆಯಾದೀತು. ಮೂಲಕ್ಕೆ ಟೀಕು ಬರೆದು ಓದಿಕೊಂಡು ಬಂದ ಕನ್ನಡನಾಡಿಗೂ ಇದು ತೀರ ಅಪರಿಚಿತವಲ್ಲ.

ಇಂಗ್ಲೆಂಡಿನಲ್ಲಿ ಸಾಮಾನ್ಯನ ಕೈಗೆ ಬೈಬಲ್ ಬಂದದ್ದೇ ದೊಡ್ಡ ಬೆಲೆ ತೆತ್ತ ಮೇಲೆ. ವಿಲಿಯಂ ಟಿಂಡೇಲ್ ತನ್ನ ಇಂಗ್ಲಿಷ್ ಹೊಸ ಒಡಂಬಡಿಕೆಯನ್ನು 1526ರಲ್ಲಿ ಜರ್ಮನಿಯ ವರ್ಮ್ಸ್ ಪಟ್ಟಣದಲ್ಲಿ ಅಚ್ಚು ಹಾಕಿಸಿ ಕದ್ದುಮುಚ್ಚಿ ಸ್ವದೇಶಕ್ಕೆ ಕಳಿಸಬೇಕಾಯಿತು. ಧರ್ಮದ್ರೋಹದ ಆರೋಪದ ಮೇಲೆ 1536ರಲ್ಲಿ ಅವನನ್ನು ಕೊರಳು ಬಿಗಿದು ಕೊಂದು ದೇಹವನ್ನು ಸುಡಲಾಯಿತು. ಮುಂದೆ ರಾಣಿ ಮೇರಿಯ ಕಾಲದಲ್ಲಿ ಜಿನೀವಾಕ್ಕೆ ಓಡಿಹೋದ ಪ್ರಾಟೆಸ್ಟಂಟ್ ವಿದ್ವಾಂಸರು 1560ರಲ್ಲಿ ಹೊರತಂದ ಬೈಬಲ್ ಮನೆಯ ಓದಿಗೆಂದೇ ರೂಪಿಸಿದ್ದು. ಆಕಾರ ಸಣ್ಣದು, ಅಕ್ಷರ ಸ್ಪಷ್ಟ, ಜೊತೆಗೆ ನಕ್ಷೆಗಳು. ಪ್ರತಿ ವಚನಕ್ಕೂ ಸಂಖ್ಯೆ ಹಾಕಿದ ಮೊದಲ ಸಂಪೂರ್ಣ ಇಂಗ್ಲಿಷ್ ಬೈಬಲ್ ಅದೇ. ಅಂಚಿನ ತುಂಬ ಟಿಪ್ಪಣಿಗಳು.

ಕಿಡಿ ಹೊತ್ತಿದ್ದು ಈ ಟಿಪ್ಪಣಿಗಳಿಂದ. ಇಬ್ರಿಯರ ಗಂಡು ಶಿಶುಗಳನ್ನು ಕೊಲ್ಲಿರೆಂಬ ಫರೋಹನ ಅಪ್ಪಣೆಯನ್ನು ಸೂಲಗಿತ್ತಿಯರು ಮೀರಿದ ಕಥೆ ವಿಮೋಚನಕಾಂಡದಲ್ಲಿದೆ. ಅವರು ಸುಳ್ಳು ಹೇಳಿದ್ದು ತಪ್ಪು, ಅರಸನ ಮಾತು ಮೀರಿದ್ದು ತಪ್ಪಲ್ಲ ಎಂದು ಜಿನೀವಾದ ಟಿಪ್ಪಣಿ ಹೇಳಿತು. ಇನ್ನೊಂದೆಡೆ, ವಿಗ್ರಹಾರಾಧಕಿಯಾದ ತಾಯಿಯನ್ನು ಅರಸ ಆಸ ಪದವಿಯಿಂದ ಇಳಿಸಿದ್ದು ಸಾಲದು, ಅವಳಿಗೆ ಮರಣದಂಡನೆಯೇ ಆಗಬೇಕಿತ್ತು ಎಂಬರ್ಥದ ಮಾತು. ದೊರೆ ಒಂದನೆಯ ಜೇಮ್ಸ್ 1604ರ ಹ್ಯಾಂಪ್ಟನ್ ಕೋರ್ಟ್ ಸಭೆಯಲ್ಲಿ ಈ ಎರಡನ್ನೂ ಎತ್ತಿ ಹೇಳಿ ಸಿಟ್ಟಾದ. ಅವನ ತಾಯಿ, ಸ್ಕಾಟ್ಲೆಂಡಿನ ಮೇರಿ, 1587ರಲ್ಲಿ ಶಿರಚ್ಛೇದಕ್ಕೆ ಗುರಿಯಾಗಿದ್ದಳೆಂಬುದನ್ನು ನೆನೆದರೆ ಆ ಸಿಟ್ಟು ಅರ್ಥವಾಗುತ್ತದೆ.

ಅವನ ಆಜ್ಞೆಯಂತೆ 1611ರಲ್ಲಿ ಬಂದ ಭಾಷಾಂತರದ ಅಂಚಿನಲ್ಲಿ ಹೀಬ್ರೂ, ಗ್ರೀಕ್ ಪದಗಳ ವಿವರ ಮತ್ತು ಇತರ ವಚನಗಳ ಸೂಚನೆ ಬಿಟ್ಟರೆ ಬೇರೆ ವ್ಯಾಖ್ಯಾನಕ್ಕೆ ಜಾಗವಿರಲಿಲ್ಲ. ಮೂಲಕ್ಕೆ ನಡುಮನೆ ಸಿಕ್ಕಿತೆನ್ನಬಹುದು. ಅದು ಭಕ್ತಿಗಿಂತ ಹೆಚ್ಚಾಗಿ ರಾಜಕಾರಣದಿಂದ. ಓದುಗರಿಗೆ ಮಾತ್ರ ಟಿಪ್ಪಣಿ ಬೇಕಿತ್ತು. 1640ರ ದಶಕದಲ್ಲಿ ಜೇಮ್ಸನ ಬೈಬಲಿಗೇ ಜಿನೀವಾದ ಟಿಪ್ಪಣಿ ಸೇರಿಸಿದ ಮುದ್ರಣಗಳು ಹೊರಬಿದ್ದವು!

1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿ ಟಿಪ್ಪಣಿಯನ್ನೇ ಕೈಬಿಟ್ಟಿತು. ನಾನಾ ಪಂಗಡಗಳು ಒಂದೇ ಮೇಜಿನ ಸುತ್ತ ಕೂರಬೇಕಾದರೆ ಅದು ಅನಿವಾರ್ಯವಾಗಿತ್ತು. ಅದೇ ಕಾಲಕ್ಕೆ ಬೈಬಲ್ ಕನ್ನಡಕ್ಕೂ ಬಂತು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಶ್ರಮಿಸಿದ ಪೂರ್ಣ ಕನ್ನಡ ಬೈಬಲ್ 1831ರ ಹೊತ್ತಿಗೆ ಸಿದ್ಧವಾಯಿತು. ಪಸ್ಕಹಬ್ಬವೆಂದರೇನು, ಪರಿಸಾಯರೆಂದರೆ ಯಾರು ಎಂದು ತಿಳಿಯದ ಹಳ್ಳಿಯ ಓದುಗನಿಗೆ ಬರಿಯ ಮೂಲವೊಂದೇ ಎಷ್ಟು ದಕ್ಕೀತು? ಉಳಿದದ್ದು ಉಪದೇಶಿಯ ಬಾಯಿಂದ ಬರಬೇಕಿತ್ತು. ಅಲ್ಲಿಗೆ ಟಿಪ್ಪಣಿ ಪುಟ ಬಿಟ್ಟು ನಾಲಿಗೆಗೆ ಬಂದಿತ್ತು, ಅಷ್ಟೆ.

ಟಿಪ್ಪಣಿಯನ್ನು ಅಳಿಸದೆ, ಅದರ ಸರದಿಯನ್ನಷ್ಟೇ ಬದಲಿಸಿದವನು ಅಮೆರಿಕದ ವಿಲ್ಬರ್ಟ್ ವೈಟ್. 1900ರಲ್ಲಿ ಅವನು ಆರಂಭಿಸಿದ ಬೈಬಲ್ ಶಿಕ್ಷಕರ ಶಾಲೆಯಲ್ಲಿ ವಿದ್ಯಾರ್ಥಿ ಮೊದಲು ಬೈಬಲಿನ ಒಂದು ಪುಸ್ತಕವನ್ನು ತನ್ನ ಮಾತೃಭಾಷೆಯಲ್ಲೇ ಮತ್ತೆ ಮತ್ತೆ ಓದಿ, ಕಣ್ಣಿಗೆ ಬಿದ್ದುದನ್ನು ತಾನೇ ಗುರುತಿಸಬೇಕಿತ್ತು. ವ್ಯಾಖ್ಯಾನ ಗ್ರಂಥಗಳ ಸರದಿ ಬರುತ್ತಿದ್ದುದು ಅನಂತರ.