ಕಡಲಂಚಿನ ರಸ್ತೆ ಕಟ್ಟಿದವರು

ಇವರ ನಲವತ್ತನೇ ಹುಟ್ಟುಹಬ್ಬ ಬಂತು. ಕೇಕೂ ಬೇಡ, ಪಾರ್ಟಿಯೂ ಬೇಡ, ಇಬ್ಬರೇ ಎಲ್ಲಾದರೂ ದೂರ ಹೋಗಿ ಬರೋಣ ಅಂದರು. ಮೆಲ್ಬರ್ನ್‌ನಲ್ಲಿ ಇರುವವರಿಗೆ ಹಾಗಂದ ಕೂಡಲೇ ನೆನಪಾಗುವುದು ಗ್ರೇಟ್ ಓಷನ್ ರೋಡ್. ಡಬ್ಬಿಗೆ ಪುಳಿಯೋಗರೆ ತುಂಬಿಕೊಂಡು ಬೆಳಿಗ್ಗೆಯೇ ಹೊರಟೆವು. ಒಂದು ಕಡೆ ಕಾಡು, ಇನ್ನೊಂದು ಕಡೆ ಸಮುದ್ರ, ನಡುವೆ ಹಾವಿನಂತೆ ರಸ್ತೆ... ಅಲ್ಲಿನ ಫೋಟೋಗಳನ್ನು ನೀವೆಲ್ಲ ಸಾಕಷ್ಟು ನೋಡಿರುತ್ತೀರಿ. ನಾನು ಹೇಳಹೊರಟಿದ್ದು ನಮ್ಮ ಕಾರಿನ ಚಕ್ರದ ಕೆಳಗಿದ್ದ ರಸ್ತೆಯ ಕಥೆ.

ಟಾರ್ಕಿಯಿಂದ ಅಲನ್ಸ್‌ಫರ್ಡ್ ತನಕ ಈ ರಸ್ತೆ ಸುಮಾರು 240 ಕಿಲೋಮೀಟರ್. ದಾರಿಯಲ್ಲಿ ಈಸ್ಟರ್ನ್ ವ್ಯೂ ಎಂಬಲ್ಲಿ ರಸ್ತೆಗೆ ಅಡ್ಡಲಾಗಿ ಮರದ ದಿಮ್ಮಿಗಳ ಒಂದು ಕಮಾನು ಇದೆ. ಎಲ್ಲರೂ ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ನಾವೂ ತೆಗೆಸಿಕೊಂಡೆವು. ನೋಡಲು ನಮ್ಮೂರ ಜಾತ್ರೆಯ ಸ್ವಾಗತ ಕಮಾನಿನ ಹಾಗಿದೆ. ಆದರೆ ಅದು ಯುದ್ಧ ಸ್ಮಾರಕ. ಕಮಾನು ಮಾತ್ರ ಅಲ್ಲ, ಇಡೀ ರಸ್ತೆಯೇ ಸ್ಮಾರಕ!

ಮೊದಲ ಮಹಾಯುದ್ಧದ ಹೊತ್ತಿಗೆ ಆಸ್ಟ್ರೇಲಿಯಾದ ಜನಸಂಖ್ಯೆ 50 ಲಕ್ಷವೂ ಇರಲಿಲ್ಲ. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಮಂದಿ ಸೈನ್ಯ ಸೇರಿದರು, 60,000ದಷ್ಟು ಮಂದಿ ಹಿಂದಿರುಗಲಿಲ್ಲ. ಹಿಂದಿರುಗಿದವರಿಗೆ ಕೆಲಸ ಬೇಕಿತ್ತು. ಜೀಲಾಂಗ್‌ನ ಮೇಯರ್ ಆಗಿದ್ದ ಹೊವರ್ಡ್ ಹಿಚ್‌ಕಾಕ್ 1918ರಲ್ಲಿ ಒಂದು ಟ್ರಸ್ಟ್ ಕಟ್ಟಿ ಚಂದಾ ಎತ್ತತೊಡಗಿದರು. ಒಂದೇ ಕೆಲಸದಲ್ಲಿ ಎರಡು ಉದ್ದೇಶ: ಬದುಕಿ ಬಂದವರಿಗೆ ಸಂಬಳ, ಬಾರದವರಿಗೆ ಸ್ಮಾರಕ. ಆಗ ಲಾರ್ನ್‌ನಂಥ ಊರುಗಳಿಗೆ ಹೋಗಬೇಕೆಂದರೆ ಹಡಗೇ ಗತಿ, ಇಲ್ಲವೇ ಬೆಟ್ಟ ದಾಟುವ ಕೆಟ್ಟ ಗಾಡಿದಾರಿ.

1919ರ ಸೆಪ್ಟೆಂಬರ್‌ನಲ್ಲಿ ಕೆಲಸ ಶುರು. ಒಟ್ಟು ಸುಮಾರು 3000 ಮಾಜಿ ಸೈನಿಕರು ಇಲ್ಲಿ ದುಡಿದರು. ಹಾರೆ, ಗುದ್ದಲಿ, ತಳ್ಳುಗಾಡಿ, ಬಂಡೆ ಒಡೆಯಲು ಸಿಡಿಮದ್ದು. ವಾಸ ಡೇರೆಗಳಲ್ಲಿ. ಎಂಟು ಗಂಟೆ ದುಡಿದರೆ ದಿನಕ್ಕೆ ಹತ್ತೂವರೆ ಶಿಲ್ಲಿಂಗ್. ಕಡಿದಾದ ಬಂಡೆ, ಕೆಳಗೆ ಸಮುದ್ರ. ಕೆಲಸದಲ್ಲೇ ಸತ್ತವರೂ ಇದ್ದಾರೆ. ಯುದ್ಧದಲ್ಲಿ ಗುಂಡಿನ ಸದ್ದು ಕೇಳಿ ಕೇಳಿ ಬಂದವರು ಇಲ್ಲಿ ಮತ್ತೆ ಮದ್ದು ಸಿಡಿಸುತ್ತಾ ನಿಂತಾಗ ಏನನ್ನಿಸಿರಬಹುದು?

ನಗುವ ಕಥೆಯೂ ಒಂದಿದೆ. 1924ರಲ್ಲಿ 'ಕಸೀನೋ' ಎಂಬ ಹಡಗು ಕೇಪ್ ಪ್ಯಾಟನ್ ಹತ್ತಿರ ಬಂಡೆಗೆ ತಗುಲಿ, ಭಾರ ಇಳಿಸಲು 500 ಪೀಪಾಯಿ ಬಿಯರು, 120 ಪೆಟ್ಟಿಗೆ ಮದ್ಯವನ್ನು ಸಮುದ್ರಕ್ಕೆ ಎಸೆಯಿತಂತೆ. ಅದೆಲ್ಲ ತೇಲಿ ಬಂದದ್ದು ಇವರ ಕಡೆಗೇ. ರಸ್ತೆ ಕೆಲಸಕ್ಕೆ ಎರಡು ವಾರ ರಜೆ!

1932ರ ನವೆಂಬರ್ 26ರಂದು ರಸ್ತೆಯ ಉದ್ಘಾಟನೆ ಆಯಿತು. ಅದನ್ನು ನೋಡಲು ಹಿಚ್‌ಕಾಕ್ ಇರಲಿಲ್ಲ, ಅದೇ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಮೆರವಣಿಗೆಯಲ್ಲಿ ಗವರ್ನರ್ ಕಾರಿನ ಹಿಂದೆ ಅವರ ಕಾರನ್ನು ಓಡಿಸಿ ಗೌರವ ತೋರಿಸಿದರು. ಖರ್ಚು ತುಂಬಿಕೊಳ್ಳಲು ಟೋಲ್ ಇತ್ತು. 1936ರಲ್ಲಿ ರಸ್ತೆ ಸರ್ಕಾರದ ಕೈಗೆ ಬಂದ ಮೇಲೆ ಅದೂ ಹೋಯಿತು. 1983ರ ಕಾಳ್ಗಿಚ್ಚಿನಲ್ಲಿ ಹಳೆಯ ಕಮಾನು ಸುಟ್ಟುಹೋಗಿ, ಈಗಿರುವುದು ಅದರ ನಂತರ ಕಟ್ಟಿದ್ದು.

ಇದನ್ನೆಲ್ಲ ಇವರಿಗೆ ಹೇಳುತ್ತಿದ್ದಾಗ, "ಅಲ್ವೇ, ಆ ಯುದ್ಧಕ್ಕೆ ನಮ್ಮ ಮೈಸೂರಿನವರೂ ಹೋಗಿದ್ದರಲ್ಲ?" ಅಂದರು. ಹೌದು! 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಕುದುರೆ ಪಡೆಯಲ್ಲಿ ಜೋಧಪುರದವರ ಜೊತೆ ಮೈಸೂರು ಲ್ಯಾನ್ಸರ್ಸ್ ಇದ್ದರು. ವಿಶೇಷ ಅಂದರೆ, ಆ ಪಡೆ ಸೇರಿದ್ದ ಇಡೀ ಅಶ್ವದಳದ ದಂಡನಾಯಕ ಹ್ಯಾರಿ ಶೋವೆಲ್ ಆಸ್ಟ್ರೇಲಿಯಾದವರು. ಈ ರಸ್ತೆ ಯಾರ ನೆನಪಿಗೋ ಅವರಲ್ಲಿ ಕೆಲವರೂ ನಮ್ಮ ಮೈಸೂರಿನ ಸವಾರರೂ ಒಂದೇ ದಳದಲ್ಲಿ ಹೋರಾಡಿದವರು. ನಮ್ಮವರ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಒಂದು ಪ್ರತಿಮೆ ಇದೆ, ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಸ್ಮಾರಕ ಇದೆ. ಬೆಂಗಳೂರಿನಲ್ಲಿದ್ದಷ್ಟು ಕಾಲ ಅದರ ಪಕ್ಕ ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ.

ಪ್ರತಿಮೆಯನ್ನು ನಾವೇ ಹೋಗಿ ನೋಡಬೇಕು. ರಸ್ತೆ ಹಾಗಲ್ಲ, ತನ್ನ ಕಥೆ ಗೊತ್ತಿಲ್ಲದವರನ್ನೂ ಊರು ಮುಟ್ಟಿಸುತ್ತದೆ. ಸತ್ತ ಗೆಳೆಯರ ಹೆಸರಲ್ಲಿ ಬದುಕಿರುವವರಿಗೆ ಉಪಯೋಗವಾಗುವಂಥದ್ದನ್ನು ಕಟ್ಟಿದರಲ್ಲ, ಅದು ನನಗೆ ತುಂಬಾ ಹಿಡಿಸಿತು. ಆದರೆ ಸ್ಮಾರಕಗಳು ಎಲ್ಲರನ್ನೂ ನೆನೆಯುವುದಿಲ್ಲ. ಈ ಬೆಟ್ಟಗಳಲ್ಲಿ ಸಾವಿರಾರು ವರ್ಷ ಬಾಳಿದ್ದ ಗಡುಬನುಡ್ ಮೂಲನಿವಾಸಿಗಳಲ್ಲಿ ಹಲವರನ್ನು 1840ರ ದಶಕದಲ್ಲಿ ಬಿಳಿಯರು ಕೊಂದರು. ಆ ಕಮಾನಿನ ಮೇಲೆ ಅವರ ಸುದ್ದಿಯಿಲ್ಲ.

ನಿಮ್ಮೂರಿನ ಘಾಟಿ ರಸ್ತೆಯನ್ನೋ ಸೇತುವೆಯನ್ನೋ ಕಟ್ಟಿದ ಕೈಗಳು ಯಾರವು? ಅಜ್ಜ-ಅಜ್ಜಿಯರಿಗೆ ಗೊತ್ತಿರಬಹುದು. ಅವರಿರುವಾಗಲೇ ಕೇಳಿ, ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆಯಿರಿ. ಓದಲು ಕಾಯುತ್ತಿರುತ್ತೇನೆ.