ಅವಾಹಕದ ಬಲವೂ ಅದರ ದುರ್ಬಲ ತಾಣವೂ

ವಿದ್ಯುತ್ತಿನ ಚರಿತ್ರೆಯೆಂದರೆ ಬಹುಮಟ್ಟಿಗೆ ಅದನ್ನು ಒಯ್ಯುವ ತಂತಿಯ ಚರಿತ್ರೆಯೆಂದೇ ಭಾವಿಸುವುದು ವಾಡಿಕೆ. ಆ ತಂತಿಯನ್ನು ಕಾಯುವ ಅವಾಹಕದ ಚರಿತ್ರೆ ಅದಕ್ಕಿಂತ ಕಿರಿದಾದುದಲ್ಲ. ಪ್ರತಿಯೊಂದು ಅವಾಹಕಕ್ಕೂ ಒಂದು ಮಿತಿಯುಂಟು. ವಿದ್ಯುತ್ತಿನ ಒತ್ತಡ ಅದನ್ನು ಮೀರಿದೊಡನೆ ಅವಾಹಕವು ಭೇದಗೊಂಡು ತಾನೇ ವಾಹಕವಾಗುತ್ತದೆ. ಈ ಮಿತಿಯನ್ನು ಭೇದನಬಲವೆನ್ನಬಹುದು. ಸಾಮಾನ್ಯ ಸ್ಥಿತಿಯ ಗಾಳಿಯಲ್ಲಿ ಅದು ಸೆಂಟಿಮೀಟರಿಗೆ ಸುಮಾರು 30,000 ವೋಲ್ಟ್. ಉತ್ತಮವಾದ ಘನ ಅವಾಹಕಗಳಲ್ಲಿ ಇದಕ್ಕೆ ಹಲವು ಮಡಿ ಹೆಚ್ಚು. ಆದರೆ ಅಲ್ಲಿ ಸೋಲು ಗೆಲುವುಗಳನ್ನು ನಿರ್ಣಯಿಸುವುದು ಪದಾರ್ಥದ ಸರಾಸರಿ ಗುಣವಲ್ಲ, ಅದರ ಅತ್ಯಂತ ದುರ್ಬಲವಾದ ತಾಣ.

ಇದಕ್ಕೆ ಮೊದಲ ದೊಡ್ಡ ನಿದರ್ಶನ 1858ರ ಅಟ್ಲಾಂಟಿಕ್ ಕೇಬಲ್. ಐರ್ಲೆಂಡಿನಿಂದ ನ್ಯೂಫೌಂಡ್‌ಲ್ಯಾಂಡಿನವರೆಗೆ ಕಡಲ ತಳದಲ್ಲಿ ಹಾಸಿದ ಆ ತಾಮ್ರದ ತಂತಿಗೆ ಗಟ್ಟಾಪರ್ಚವೆಂಬ ಮರದ ಅಂಟೇ ಹೊದಿಕೆ. ಕೆಲವೆಡೆ ತಂತಿಯು ಹೊದಿಕೆಯ ನಡುವೆ ನಿಲ್ಲದೆ ಒಂದು ಪಕ್ಕಕ್ಕೆ ಸರಿದಿದ್ದಿತು. ಸಂದೇಶಗಳು ಮಂದವಾದಾಗ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಒತ್ತಡವನ್ನು ಹೇರಿದನು. ಒಂದು ತಿಂಗಳೊಳಗಾಗಿ ಸಂದೇಶವಹನ ನಿಂತುಹೋಯಿತು. ದಪ್ಪನಾದ ಹೊದಿಕೆಯ ಕೇಬಲ್ ಹಾಸಿ 1866ರಲ್ಲಿ ಈ ಕಾರ್ಯವನ್ನು ಸಾಧಿಸಲಾಯಿತು.

ನೆಲದ ಮೇಲಣ ಮಾರ್ಗಗಳಲ್ಲಿ ಗಾಳಿಯೇ ಮುಖ್ಯ ಅವಾಹಕ. ಕಂಬಗಳಲ್ಲಿ ಮಾತ್ರ ಪಿಂಗಾಣಿಯ ಆಸರೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ 92 ಮೈಲಿ ದೂರ ವಿದ್ಯುತ್ತು ಹರಿದುದು ಇಂತಹ ಮಾರ್ಗದಲ್ಲಿಯೇ. ಆದರೆ ಯಂತ್ರಗಳ ಒಳಗೂ ನೆಲದಡಿಯ ಕೇಬಲ್‌ಗಳಲ್ಲಿಯೂ ಘನ ಅವಾಹಕವಿಲ್ಲದೆ ನಡೆಯದು. 1933ರಲ್ಲಿ ಇಂಗ್ಲೆಂಡಿನಲ್ಲಿ ದೊರೆತ ಪಾಲಿಎಥಿಲೀನ್ ಈ ಕಾರ್ಯಕ್ಕೆ ಅತ್ಯುತ್ತಮವೆನಿಸಿತು. ಅದರಲ್ಲಿಯೂ ಸೂಕ್ಷ್ಮ ರಂಧ್ರ, ಧೂಳಿನ ಕಣ, ತೇವ ಇವುಗಳಿಂದಲೇ ಭೇದನ ಆರಂಭವಾಗುತ್ತಿದ್ದಿತು. ಎಪಾಕ್ಸಿ ರಾಳಕ್ಕೆ ಗಡಸುತನಕ್ಕಾಗಿ ಖನಿಜದ ಪುಡಿ ಬೆರೆಸಿದಾಗ, ಕಣವೂ ರಾಳವೂ ಸಂಧಿಸುವ ಗಡಿಯೇ ಬಲಹೀನವೆಂದು ಕಂಡುಬಂದಿತು.

1994ರಲ್ಲಿ ವೇಲ್ಸಿನ ಟಿ. ಜೆ. ಲೂಯಿಸ್ ಆ ಗಡಿಯತ್ತಲೇ ವಿದ್ವಾಂಸರ ಗಮನವನ್ನು ಸೆಳೆದರು. ಕಣದ ಅಡ್ಡಳತೆಯನ್ನು ಸಾವಿರದೊಂದು ಪಾಲಿಗೆ ಇಳಿಸಿದರೆ, ಅಷ್ಟೇ ತೂಕದ ಪುಡಿಯ ಒಟ್ಟು ಮೇಲ್ಮೈ ಸಾವಿರ ಮಡಿಯಾಗುತ್ತದೆ. ಆಗ ಗಡಿಯೆಂಬುದು ಅಂಚಾಗಿ ಉಳಿಯದೆ ಪದಾರ್ಥದ ಬಹುಪಾಲನ್ನು ವ್ಯಾಪಿಸುತ್ತದೆ. ಅದರ ಗುಣವೇ ಇಡೀ ಪದಾರ್ಥದ ಗುಣವಾಗುತ್ತದೆ. 2004ರಲ್ಲಿ ನೆಲ್ಸನ್ ಮತ್ತು ಫಾದರ್‌ಗಿಲ್ ಎಪಾಕ್ಸಿಗೆ ಟೈಟಾನಿಯಂ ಡೈಆಕ್ಸೈಡ್ ಬೆರೆಸಿ ಎರಡು ಬಗೆಯ ಕಣಗಳನ್ನು ಹೋಲಿಸಿದರು. ದೊಡ್ಡ ಕಣಗಳಿದ್ದಲ್ಲಿ ಒಳಗೆ ವಿದ್ಯುದಾವೇಶ ಹೆಚ್ಚಾಗಿ ಸಂಚಯವಾಯಿತು. ನ್ಯಾನೋ ಕಣಗಳಲ್ಲಿ ಆ ದೋಷ ಬಹಳ ಕಡಮೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಎಪಾಕ್ಸಿಯ ಇಂತಹ ಮಿಶ್ರಣಗಳ ಅಧ್ಯಯನ ನಡೆದಿದೆ.

ಆದರೆ ಈ ಮಾರ್ಗ ನಿಷ್ಕಂಟಕವಲ್ಲ. ನ್ಯಾನೋ ಕಣಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದರೆ ಆ ಗಂಟೇ ಹೊಸದೊಂದು ದುರ್ಬಲ ತಾಣ. ಕಣಗಳ ಮೇಲ್ಮೈ ತೇವವನ್ನು ಹೀರಿದರೂ ಹಾಗೆಯೇ. ಆದುದರಿಂದಲೇ ಒಂದು ತುಣುಕಿನ ಪರೀಕ್ಷೆಯಿಂದ ಯಾವ ಮಿಶ್ರಣವನ್ನೂ ಹೊಗಳಲಾಗದು. ಅನೇಕ ತುಣುಕುಗಳನ್ನು ಭೇದಿಸಿ ನೋಡಿ, ಸ್ವೀಡನ್ನಿನ ವೈಬುಲ್ ಅವರ ಸಂಖ್ಯಾಶಾಸ್ತ್ರ ವಿಧಾನದಿಂದ ಫಲಿತಾಂಶಗಳನ್ನು ತೂಗುವುದು ರೂಢಿ. ಸರಪಳಿಯ ಬಲವನ್ನು ಅದರ ಅತ್ಯಂತ ದುರ್ಬಲ ಕೊಂಡಿಯಿಂದ ಅಳೆಯುವ ನ್ಯಾಯವೇ ಅದಕ್ಕೆ ಆಧಾರ. ಅಟ್ಲಾಂಟಿಕ್ಕಿನ ತಳದಲ್ಲಿ ತಂತಿ ಪಕ್ಕಕ್ಕೆ ಸರಿದಿದ್ದ ಕೆಲವೇ ತಾಣಗಳು ಸಾವಿರಾರು ಮೈಲಿಯ ಕೇಬಲ್ಲಿಗೆ ಕಲಿಸಿದ ಪಾಠವೂ ಇದೇ.