ಓದುಗರ ಪತ್ರದಿಂದ ಹುಟ್ಟಿದ ಸಂಘ

ತಕರಾರು ಹೇಳೋರು ಎಲ್ಲ ಕಡೆ ಇರ್ತಾರೆ. ‘ಹಾಗಾದ್ರೆ ಹೀಗೆ ಮಾಡೋಣ’ ಅನ್ನೋರು ಕಮ್ಮಿ. ಬ್ರಿಟನ್ನಿನ ಹವ್ಯಾಸಿ ಖಗೋಳವೀಕ್ಷಕರಿಗೆ 1890ರಲ್ಲಿ ಅಂಥವರೊಬ್ಬರು ಸಿಕ್ಕಿದರು.

ಆಗ ಇದ್ದ ದೊಡ್ಡ ಸಂಸ್ಥೆ ಅಂದ್ರೆ ರಾಯಲ್ ಅಸ್ಟ್ರನಾಮಿಕಲ್ ಸೊಸೈಟಿ. ಸೇರೋಣ ಅಂದ್ರೆ ಚಂದಾ ದುಬಾರಿ, ಅಲ್ಲಿನ ಪ್ರಬಂಧಗಳು ಕಬ್ಬಿಣದ ಕಡಲೆ. ಹೆಂಗಸರನ್ನಂತೂ ಫೆಲೋ ಆಗಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ.

ಆ ಜುಲೈನಲ್ಲಿ ಡಬ್ಲಿನ್ನಿನ ವಿಲಿಯಂ ಮಾಂಕ್ ‘ಇಂಗ್ಲಿಷ್ ಮೆಕ್ಯಾನಿಕ್’ ವಾರಪತ್ರಿಕೆಗೆ ಪತ್ರ ಬರೆದರು. ಈ ಮೂರೂ ತೊಡಕುಗಳನ್ನು ಹೇಳಿ, ಹೊರಗುಳಿದವರಿಗಾಗಿಯೇ ಒಂದು ಸಂಘ ಯಾಕಾಗಬಾರದು ಅಂತ ಕೇಳಿದರು. ಓದುಗರು ಬೆನ್ನಿಗೆ ನಿಂತರು. ಅಕ್ಟೋಬರ್ 24ಕ್ಕೆ ಲಂಡನ್ನಿನಲ್ಲಿ ಬ್ರಿಟಿಷ್ ಅಸ್ಟ್ರನಾಮಿಕಲ್ ಅಸೋಸಿಯೇಷನ್ನಿನ ಮೊದಲ ಸಭೆ ನಡೆದೇಬಿಟ್ಟಿತು!

ಇಲ್ಲಿ ಹೆಂಗಸರಿಗೆ ಮೊದಲ ದಿನದಿಂದಲೇ ಜಾಗವಿತ್ತು. ಸಿರೆನ್‌ಸೆಸ್ಟರ್ ಊರಿನ ತಮ್ಮ ಮನೆಯಿಂದಲೇ ಸೂರ್ಯಕಲೆಗಳನ್ನು ನೋಡಿ ಚಿತ್ರ ಬರೆದಿಡುತ್ತಿದ್ದ ಎಲಿಜಬೆತ್ ಬ್ರೌನ್, ಸಂಘದ ಸೂರ್ಯ ವಿಭಾಗಕ್ಕೆ ಮುಖ್ಯಸ್ಥೆಯಾದರು.

ದೊಡ್ಡ ಸೊಸೈಟಿ ಹೆಂಗಸರನ್ನು ಫೆಲೋ ಮಾಡಿಕೊಂಡಿದ್ದು 1916ರಲ್ಲಿ. ಅಲ್ಲಿಯವರೆಗೆ ಕಾಯಬೇಕಿದ್ದರೆ ಬ್ರೌನ್ ಅವರಿಗೆ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಅವರು 1899ರಲ್ಲೇ ತೀರಿಕೊಂಡಿದ್ದರು.